ಎಡಗಡೆಯ ಮುಂದಿನ ಚಕ್ರ

ಸ್ನೇಹಲತಾ ಆ ಸಂಜೆ ಮನೆಗೆ ಬಂದಾಗ ದೇವರ ಮುಂದೆ ದೀಪ ಹಚ್ಚಿ ಆಗಿತ್ತು. ಹಜಾರದಲ್ಲಿ ಕೂತು ಹುರುಳಿಕಾಳಿನ ಕಲ್ಲು ಆರಿಸುತ್ತಿದ್ದ ಅತ್ತೆ ಅನಸೂಯಮ್ಮ ಮೊದಲು ನೋಡಿದ್ದು ಸೊಸೆಯ ಕೈಗಳನ್ನು. ಬೆರಳ ಸಂದಿಗಳಲ್ಲೆಲ್ಲ ಕಪ್ಪು ಮೆತ್ತಿತ್ತು. ಚೂಡಿದಾರದ ಮಂಡಿಯ ಮೇಲೆ ಕೆಂಪು ಮಣ್ಣು.

"ಇದೇನವ್ವ, ಇಂಗ್ ಬಂದಿದ್ದೀಯ?"

"ಕೊಣನೂರಿಂದ ಬರ್ತಾ ಟೈರ್ ಪಂಚರ್ ಆಯ್ತು ಅತ್ತೆ. ಬದಲಾಯಿಸ್ಕೊಂಡು ಬರೋದ್ರಲ್ಲಿ ಹೊತ್ತಾಯ್ತು."

"ಯಾರು ಆಕ್ಕೊಟ್ರು?"

"ನಾನೇ ಹಾಕ್ಕೊಂಡೆ."

ಸೊಸೆ ಬಚ್ಚಲಲ್ಲಿ ಪಾತ್ರೆ ತೊಳೆಯುವ ಪುಡಿ ಹಾಕಿ ಕೈ ಉಜ್ಜಿಕೊಳ್ಳುವ ಸದ್ದು ಕೇಳಿಸಿದ ಮೇಲೆ ಅನಸೂಯಮ್ಮ ಮೊರ ಕೆಳಗಿಟ್ಟು, ಜಗಲಿಗೆ ಹೋಗಿ ಕಾರನ್ನು ನೋಡಿ ಬಂದರು. ನೋಡಿದ್ದರಿಂದ ಅವರಿಗೇನೂ ತಿಳಿಯಲಿಲ್ಲ. ನಾಲ್ಕು ಚಕ್ರವೂ ಇದ್ದವು.

ಅರಕಲಗೂಡಿನ ಆ ಮನೆಗೆ ಕಾರು ಬಂದು ಎರಡು ವರ್ಷವಾಗಿತ್ತು. ಒಬ್ಬರು ಓಡಿಸಿ ಬಿಟ್ಟ ಗಾಡಿ. ಅದು ಇದ್ದದ್ದು ಗಂಡ ಶಶಿಕುಮಾರನ ಹೆಸರಲ್ಲಿ, ಓಡಿಸುತ್ತಿದ್ದವಳು ಸ್ನೇಹಲತಾ. ಶಶಿಕುಮಾರ ಹಾಸನದಲ್ಲಿ ಪವರ್ ಟಿಲ್ಲರ್ ಮಾರುವ ಅಂಗಡಿಯಲ್ಲಿ ಕೆಲಸಕ್ಕಿದ್ದ. ಹಾಸನದಲ್ಲೇ ಡಿಗ್ರಿ ಓದುತ್ತಿದ್ದ ತಂಗಿ ಅನುಶ್ರೀಯನ್ನು ಕರೆದುಕೊಂಡು ಬೆಳಿಗ್ಗೆ ಬಸ್ಸಿಗೆ ಹೋಗುತ್ತಿದ್ದ. ಸ್ನೇಹಲತಾ ಕೊಣನೂರಿನ ಹತ್ತಿರದ ಒಂದು ದನದಾಸ್ಪತ್ರೆಯಲ್ಲಿ ಪಶು ಪರಿವೀಕ್ಷಕಿ. ದಿನಾ ಹಳ್ಳಿಹಳ್ಳಿ ತಿರುಗಬೇಕು. ಬೆದೆಗೆ ಬಂದ ಹಸು ಬಸ್ಸಿನ ಹೊತ್ತು ನೋಡಿಕೊಂಡು ಬರುವುದಿಲ್ಲ. ಹಾಗಾಗಿ ಕಾರು ಅವಳ ಕೈಗೆ ಬಂದಿತ್ತು.

ಊಟಕ್ಕೆ ಕೂತಾಗ ಅನಸೂಯಮ್ಮ ಮಗನ ತಟ್ಟೆಗೆ ಮುದ್ದೆ ಇಟ್ಟು, "ಇವತ್ತು ನಿನ್ನೆಂಡ್ತಿ ಕಾರಿನ್ ಚಕ್ರ ಬಿಚ್ಚಿ ಆಕವ್ಳಂತೆ" ಎಂದರು.

ಶಶಿಕುಮಾರ ಹೆಂಡತಿಯ ಕಡೆ ನೋಡಿದ. "ಯಾರು ಸಿಕ್ಕಿದ್ರು ದಾರೀಲಿ?"

"ಯಾರೂ ಸಿಗಲಿಲ್ಲ. ನಾನೇ ಹಾಕ್ದೆ."

"ಒಬ್ಳೇ?"

"ಒಬ್ಳೇ."

ಅವನು ಮುದ್ದೆ ಮುರಿಯದೆ ಎದ್ದು, ಮೊಬೈಲಿನ ಬೆಳಕು ಹಿಡಿದು ಹೊರಗೆ ಹೋದ. ಬಂದು ಕೂತವನು, "ನಟ್ಟು ಗಟ್ಟಿಯಾಗೇ ಐತೆ. ಗಂಡಸಿನ ಕೈಯಲ್ಲಿ ಬಿಗಿದಂಗೈತೆ" ಎಂದ.

"ಅತ್ತಿಗೆ ದಿನಾ ಹಸು ಹಿಡಿತಾರೆ ಅಣ್ಣ. ನಟ್ಟು ಬಿಗಿಯೋದು ಏನು ಮಹಾ" ಎಂದಳು ಅನುಶ್ರೀ.

"ನೀನು ಉಣ್ಣು."

ಮೂಲೆಯಲ್ಲಿ ಕೂತಿದ್ದ ಮಾವ ಪುಟ್ಟರಾಜು ಅಲ್ಲಿಯವರೆಗೆ ಬಾಯಿ ಬಿಟ್ಟಿರಲಿಲ್ಲ. ಅವರು ಅರ್ಧ ಆಯುಷ್ಯ ಟ್ರ್ಯಾಕ್ಟರ್ ಓಡಿಸಿದವರು. "ನಟ್ಟು ಎಂಗ್ ಬಿಚ್ದೆ?" ಎಂದು ಕೇಳಿದರು.

"ನಟ್ಟಿಗೆ ಪಾನ ಸಿಗಿಸಿ ಅದ್ರ ಹಿಡಿ ಮೇಲೆ ಹತ್ತಿ ನಿಂತ್ಕೊಂಡೆ ಮಾವ. ಗಾಡಿ ಎತ್ತೋಕೆ ಮುಂಚೆನೇ ಒಂದೊಂದು ಸುತ್ತು ಸಡಿಲ ಮಾಡ್ಕೊಂಡೆ."

ಪುಟ್ಟರಾಜು ತುತ್ತನ್ನು ಕೈಯಲ್ಲೇ ಹಿಡಿದು ಒಂದು ಗಳಿಗೆ ಸೊಸೆಯ ಮುಖ ನೋಡಿದರು. ಜಾಕ್ ಕೊಟ್ಟ ಮೇಲೆ ನಟ್ಟು ಬಿಚ್ಚಲು ಹೋದರೆ ಚಕ್ರವೇ ತಿರುಗುತ್ತದೆ, ಮೊದಲು ಸಡಿಲಿಸಿಕೊಳ್ಳಬೇಕು ಅನ್ನುವುದು ಮಾಡಿದವರಿಗೆ ಗೊತ್ತಿರುವ ಮಾತು. ಆದರೆ ಅವರು ಅದನ್ನು ಹೇಳಲಿಲ್ಲ. "ವಸಿ ಸಾರು ಬುಡು" ಎಂದು ಹೆಂಡತಿಯ ಕಡೆ ತಟ್ಟೆ ಚಾಚಿದರು.

ಆ ಮಾತು ಅಲ್ಲಿಗೆ ಮುಗಿಯಲಿಲ್ಲ. ಭಾನುವಾರ ತಿಂಡಿಯಾದ ಮೇಲೆ ಶಶಿಕುಮಾರ ಜಾಕ್, ಪಾನ ಎರಡನ್ನೂ ಡಿಕ್ಕಿಯಿಂದ ತೆಗೆದು ಅಂಗಳದಲ್ಲಿಟ್ಟ.

"ಸ್ನೇಹ, ಒಂದ್ಸಲ ಬಿಚ್ಚಿ ಹಾಕು ಬಾ. ನಾವೂ ನೋಡನ."

ಅವಳು ತಂತಿಗೆ ಬಟ್ಟೆ ಹರವುತ್ತಿದ್ದಳು. "ಯಾಕೆ?"

"ಸುಮ್ನೆ. ಕಲಿತಂಗಾಯ್ತದೆ ನಂಗೂ."

"ಕಲಿಯೋಕೆ ಅಂದ್ರೆ ನೀವು ಬಿಚ್ಚಿ, ನಾನು ಹೇಳಿಕೊಡ್ತೀನಿ. ನನ್ನ ಮಾತು ನಿಜವೋ ಸುಳ್ಳೋ ನೋಡೋಕೆ ಅಂದ್ರೆ ನಾನು ಮುಟ್ಟಲ್ಲ."

"ತೋರ್ಸುದ್ರೆ ಏನಾಯ್ತದೆ?"

"ತೋರಿಸಿದ್ರೆ ಇವತ್ತಿಗೆ ನಂಬ್ತೀರ. ನಾಳೆ ಇನ್ನೊಂದಕ್ಕೆ ಸಾಕ್ಷಿ ಕೇಳ್ತೀರ. ನಮ್ಮಪ್ಪ ಚನ್ನರಾಯಪಟ್ಟಣದಲ್ಲಿ ಲಗೇಜ್ ಗಾಡಿ ಓಡಿಸ್ತಿದ್ರು, ರಜದಲ್ಲಿ ನಾನೂ ಜೊತೆಗೆ ಹೋಗ್ತಿದ್ದೆ ಅಂತ ಮದುವೆಗೆ ಮುಂಚೆನೇ ಹೇಳಿದ್ದೀನಿ."

"ನಿಮ್ಮಪ್ಪ ಗಾಡಿ ಓಡಿಸ್ತಿದ್ರೆ ನೀನು ಟೈರ್ ಹಾಕ್ದಂಗಾ?"

ಅವಳು ಖಾಲಿ ಬಕೆಟ್ಟು ಹಿಡಿದು ಒಳಗೆ ಹೋದಳು. ಜಾಕು ಮಧ್ಯಾಹ್ನದವರೆಗೂ ಅಂಗಳದಲ್ಲೇ ಬಿದ್ದಿತ್ತು. ಕೊನೆಗೆ ಪುಟ್ಟರಾಜು ಅದನ್ನು ಎತ್ತಿ ಡಿಕ್ಕಿಗೆ ಹಾಕಿದರು.

ಪಂಚರ್ ಆದ ಚಕ್ರವನ್ನು ಸ್ನೇಹಲತಾ ಪ್ಯಾಚ್ ಹಾಕಿಸಿ ಮತ್ತೆ ಮುಂದಕ್ಕೇ ಹಾಕಿಸಿದಳು. ಹಾಗೇ ಗಂಡನಿಗೆ ಹೇಳಿದಳು: "ಮುಂದಿನ ಎರಡು ಟೈರಿಗೂ ಬಟನ್ ಸವೆದು ನುಣ್ಣಗಾಗಿದೆ. ಎಡಗಡೇದು ಪಕ್ಕೆಯಲ್ಲಿ ಬಿರುಕು ಬಿಟ್ಟಿದೆ. ಮಳೇಲಿ ಬ್ರೇಕ್ ಹೊಡೆದ್ರೆ ಜಾರುತ್ತೆ. ಹೊಸದು ಹಾಕಿಸಬೇಕು."

"ಇನ್ನೂ ಒಂದು ವರ್ಷ ಓಡ್ತವೆ" ಎಂದ ಅವನು. "ನೀನು ಎಷ್ಟು ಸುತ್ತುತೀಯ ಅನ್ನೋದ್ರ ಮೇಲೈತೆ."

ಸುತ್ತುವ ಮಾತು ಮನೆಯಲ್ಲಿ ಮೆಲ್ಲಗೆ ಬೇರೂರಿತು. ಪಕ್ಕದ ಮನೆಯ ಶಾಂತಕುಮಾರಿ ಒಂದು ದಿನ ಮೊಸರಿಗೆ ಹೆಪ್ಪು ಕೇಳಲು ಬಂದವಳು, "ನಿಮ್ಮ ಸೊಸೇನ ಬಸವಾಪಟ್ಟಣದ ಕಡೆ ನೋಡ್ದೆ ಕಣಕ್ಕ. ಮುಂದಿನ ಸೀಟಲ್ಲಿ ಯಾರೋ ಗಂಡಸು ಕೂತಿದ್ದ" ಎಂದು ಹೇಳಿ ಹೋದಳು. ಆ ಗಂಡಸು ಯಾರೆಂದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ನಾಗೇಶ್, ದನದಾಸ್ಪತ್ರೆಯ ಸಹಾಯಕ. ಔಷಧಿ ಡಬ್ಬ, ಹೋರಿಯ ವೀರ್ಯದ ಕಡ್ಡಿಗಳನ್ನಿಡುವ ಸಾರಜನಕದ ಕ್ಯಾನು ಹಿಡಿದು ಸ್ನೇಹಲತಾ ಜೊತೆ ಹಳ್ಳಿಗಳಿಗೆ ಹೋಗುವುದೇ ಅವನ ಕೆಲಸ. ಅವನು ಕೊಣನೂರಿನ ಕಾಲೋನಿಯವನು ಎನ್ನುವುದೂ ಎಲ್ಲರಿಗೂ ಗೊತ್ತಿತ್ತು. ಅನಸೂಯಮ್ಮ ಹೆಪ್ಪು ಕೊಟ್ಟು ಕಳಿಸಿ, ತೊಳೆದ ಬಟ್ಟಲನ್ನೇ ಮತ್ತೆ ತೊಳೆದರು.

ಮರುದಿನ ಬೆಳಿಗ್ಗೆ ಸೊಸೆ ಬುತ್ತಿ ಕಟ್ಟುವಾಗ ಅವರು ಒಲೆಯ ಪಕ್ಕದಲ್ಲೇ ನಿಂತರು.

"ಎಲ್ಡು ಡಬ್ಬಿ ಯಾತುಕ್ಕೆ?"

"ಒಂದು ನಾಗೇಶ್‌ಗೆ ಅತ್ತೆ. ಅವರ ಹೆಂಡ್ತಿ ಹೆರಿಗೆಗೆ ತವರಿಗೆ ಹೋಗಿದ್ದಾರೆ. ಹೋಟೆಲಲ್ಲಿ ತಿಂದು ಹೊಟ್ಟೆ ಕೆಡಿಸ್ಕೊಂಡಿದ್ರು."

"ನಮ್ಮನೆ ರೊಟ್ಟಿ ಅವನೊಟ್ಟೆಗೆ ಆಯ್ತದಾ?"

"ರೊಟ್ಟಿ ಎಲ್ಲರ ಹೊಟ್ಟೆಗೂ ಆಗುತ್ತೆ."

ಸಂಜೆ ಮಗ ಬಂದಾಗ ಅನಸೂಯಮ್ಮ ಇದನ್ನೂ ಹೇಳಿದರು. ಸೇರಿಸಿ ಹೇಳಲಿಲ್ಲ, ಇದ್ದದ್ದನ್ನೇ ಹೇಳಿದರು. ಆದರೆ ಹೇಳಿದ ರೀತಿಯಲ್ಲೇ ಅದು ಬೇರೆಯಾಗಿ ಕೇಳಿಸಿತು. ಶಶಿಕುಮಾರ ಮಧ್ಯಾಹ್ನ ಹೆಂಡತಿಗೆ ಫೋನ್ ಮಾಡಲು ಶುರು ಮಾಡಿದ. ಎಲ್ಲಿದ್ದೀಯ, ಯಾವ ಊರು, ಹಿಂದೆ ಮಾತಾಡ್ತಿರೋದು ಯಾರು. ಕಾರು ಎಷ್ಟು ಕಿಲೋಮೀಟರ್ ಓಡಿದೆ ಎಂದು ಸಂಜೆ ಬಾಗಿಲು ತೆಗೆದು ನೋಡತೊಡಗಿದ. ಸ್ನೇಹಲತಾ ಅದನ್ನು ಅಡುಗೆಮನೆಯ ಕಿಟಕಿಯಿಂದ ನೋಡಿದಳು. ರೊಟ್ಟಿ ತಟ್ಟುವ ಕೈ ಜೋರಾಯಿತು.

ಒಂದು ಸಂಜೆ ಜಗಳವಾಯಿತು.

"ಅವನು ಹಿಂದಿನ ಸೀಟಲ್ಲಿ ಕೂತ್ಕೊಬೋದಲ್ಲ" ಎಂದ ಶಶಿಕುಮಾರ.

"ಹಿಂದಿನ ಸೀಟಲ್ಲಿ ಕ್ಯಾನು ಇರುತ್ತೆ, ಡಬ್ಬ ಇರುತ್ತೆ."

"ಬೈಕಲ್ಲಿ ಬರ್ಲಿ."

"ಒಂದೇ ಊರಿಗೆ, ಒಂದೇ ಕೆಲಸಕ್ಕೆ ಹೋಗೋದು. ಯಾಕೆ ಬೈಕಲ್ಲಿ ಬರಬೇಕು? ನೇರವಾಗಿ ಕೇಳಿ, ನಿಮ್ಮ ಮನಸ್ಸಲ್ಲಿ ಏನಿದೆ?"

"ಅವತ್ತು ಟೈರ್ ಹಾಕಿದ್ದು ಯಾರು?"

"ಇನ್ನೂ ಅಲ್ಲೇ ಇದ್ದೀರಾ?" ಎಂದಳು ಸ್ನೇಹಲತಾ. "ಆಗ್ಲಿ, ಅವರೇ ಹಾಕಿದ್ರು ಅಂತಾನೇ ಇಟ್ಕೊಳ್ಳಿ. ಹಾಕಿದ್ರೆ ಏನೀಗ?"

"ಅಂಗಾದ್ರೆ ಸುಳ್ಳು ಯಾಕೆ ಹೇಳ್ದೆ?"

ಅವಳು ಅತ್ತೆ ಮಾವನ ಕಡೆ ತಿರುಗಿದಳು. ಅನಸೂಯಮ್ಮ ಸೊಪ್ಪು ಬಿಡಿಸುತ್ತಿದ್ದರು. ಪುಟ್ಟರಾಜು ಟಿವಿ ನೋಡುತ್ತಿದ್ದರು. ಇಬ್ಬರೂ ತಲೆ ಎತ್ತಲಿಲ್ಲ.

ಗೌರಿ ಹಬ್ಬ ಕಳೆದು ಹೊಗೆಸೊಪ್ಪು ಬೇಯಿಸುವ ಕಾಲ ಬಂತು. ಆ ದಿನಗಳಲ್ಲೇ ಅನಸೂಯಮ್ಮನಿಗೆ, ತಾನೇ ಹೋಗಿ ಆ ನಾಗೇಶನನ್ನು ಒಮ್ಮೆ ಕಣ್ಣಾರೆ ನೋಡಬೇಕು ಎನಿಸಿತು. ಕೊಣನೂರಿನಲ್ಲಿ ಅವರ ಅಕ್ಕ ಜಯಲಕ್ಷ್ಮಮ್ಮನ ಮನೆ ಇತ್ತು. ಮಗ ಮಗಳು ಬಸ್ಸಿಗೆ ಹೋದ ಮೇಲೆ ಸೀರೆ ಬದಲಾಯಿಸಿಕೊಂಡು ಬಂದು, "ನಾನೂ ಬತ್ತೀನಿ ಕಣವ್ವ. ಅಕ್ಕುಂಗೆ ಮೈ ಉಸಾರಿಲ್ವಂತೆ" ಎಂದರು.

ಸ್ನೇಹಲತಾಗೆ ಆಶ್ಚರ್ಯವಾಯಿತು. ಆದರೂ ಮುಂದಿನ ಬಾಗಿಲು ತೆಗೆದುಕೊಟ್ಟಳು. ಕಾರಿನ ಎಡ ಮಗ್ಗುಲು ಕಾಂಪೌಂಡಿಗೆ ಒತ್ತಿಕೊಂಡಿತ್ತು. ಅನಸೂಯಮ್ಮ ಸಂದಿಯಲ್ಲಿ ಮೈ ಕುಗ್ಗಿಸಿ ಹತ್ತಿ ಕೂತರು.

ಕಾರು ಊರು ದಾಟಿತು. ರಸ್ತೆಯ ಎರಡೂ ಕಡೆ ಶುಂಠಿ ಹೊಲ, ನಡುನಡುವೆ ಹೊಗೆಸೊಪ್ಪು ಬೇಯಿಸುವ ಬ್ಯಾರನ್ನು ಮನೆಗಳು. ಬೆಂದ ಎಲೆಯ ಗಾಟು ಕಾರಿನೊಳಗೂ ಬರುತ್ತಿತ್ತು. "ಸ್ಟೇರಿಂಗ್ ಯಾಕೋ ಭಾರ ಇದೆ ಇವತ್ತು" ಎಂದು ಸ್ನೇಹಲತಾ ತನ್ನಷ್ಟಕ್ಕೆ ಅಂದುಕೊಂಡಳು. ಇಳಿಜಾರು ಶುರುವಾಗುವ ಹೊತ್ತಿಗೆ ಅನಸೂಯಮ್ಮನ ಸಣ್ಣ ಫೋನು ಹೊಡೆದುಕೊಂಡಿತು.

"ಅವ್ವ, ಗಾಡೀಲಿದ್ದೀಯಾ?" ಶಶಿಕುಮಾರನ ದನಿ ಏದುಸಿರಲ್ಲಿತ್ತು.

"ಊ ಕಣಪ್ಪ, ದೊಡ್ಡವ್ವನ್ ಮನೆಗೆ..."

"ಅವಳಿಗೆ ಫೋನ್ ಕೊಡಬ್ಯಾಡ. ಗಾಡಿ ನಿಲ್ಸು ಅನ್ನು, ನೀನಿಳ್ಕೊ. ವಾಂತಿ ಬತ್ತದೆ ಅನ್ನು, ಏನಾರ ಹೇಳು. ಎಡಗಡೆ ಮುಂದಿನ ಚಕ್ರದಲ್ಲಿ ಗಾಳಿ ಇರಲ್ಲ. ನೀನು ಬಸ್ಸಲ್ಲಿ ಹೋಗು."

ಅನಸೂಯಮ್ಮ ಏನೆಂದು ಕೇಳುವಷ್ಟರಲ್ಲಿ ಸಿಗ್ನಲ್ ಹೋಯಿತು. ಫೋನು ಮಡಿಲಲ್ಲಿಟ್ಟುಕೊಂಡು, "ಸ್ನೇಹ, ವಸಿ..." ಎನ್ನುತ್ತಿದ್ದ ಹಾಗೆ ಕೆಳಗೆ ಪಟ್ ಎಂದು ಏನೋ ಒಡೆಯಿತು. ಕಾರು ಎಡಕ್ಕೆ ವಾಲಿ ಚರಂಡಿಯ ಕಡೆ ಎಳೆಯಿತು. ಎದುರಿಗೆ ಶುಂಠಿ ಮೂಟೆ ಹೇರಿದ ಲಾರಿ ಬರುತ್ತಿತ್ತು.

ಸ್ನೇಹಲತಾ ಬ್ರೇಕ್ ತುಳಿಯಲಿಲ್ಲ. ಎರಡೂ ಕೈಯಲ್ಲಿ ಸ್ಟೇರಿಂಗ್ ಅದುಮಿ ಹಿಡಿದು, ಕಾಲು ಎತ್ತಿ, ಗಾಡಿ ತಾನಾಗಿ ವೇಗ ಕಳೆದುಕೊಳ್ಳುವವರೆಗೂ ನೇರ ಹಿಡಿದಳು. ಲಾರಿ ಹಾರನ್ ಹೊಡೆಯುತ್ತ ಪಕ್ಕದಲ್ಲೇ ಹೋಯಿತು. ರಿಮ್ಮು ಕಲ್ಲಿಗೆ ಬಡಿಯುವ ಸದ್ದು ಕೇಳುತ್ತ, ಕಾರು ಒಂದು ಬ್ಯಾರನ್ನಿನ ಮುಂದಿನ ಸಮತಟ್ಟು ಜಾಗಕ್ಕೆ ಬಂದು ನಿಂತಿತು.

"ಪೆಟ್ಟಾಯ್ತಾ ಅತ್ತೆ?"

"ಇಲ್ಲ ಕಣವ್ವ."

"ಇಳೀರಿ. ರಸ್ತೆ ಕಡೆ ಬರಬೇಡಿ, ಆ ಕಡೆ ನಿಂತ್ಕೊಳ್ಳಿ."

ಅವಳು ಲೈಟು ಮಿನುಗುವಂತೆ ಹಾಕಿ, ಹ್ಯಾಂಡ್ ಬ್ರೇಕ್ ಎಳೆದು, ಹಿಂದಿನ ಚಕ್ರಕ್ಕೆ ಎರಡು ಕಲ್ಲು ಕೊಟ್ಟಳು. ಡಿಕ್ಕಿಯಿಂದ ಸ್ಟೆಪ್ನಿಯನ್ನು ಎಳೆದು ಉರುಳಿಸಿಕೊಂಡು ಬಂದಳು. ದುಪಟ್ಟ ತೆಗೆದು ಸೀಟಿನ ಮೇಲೆ ಹಾಕಿ, ನಟ್ಟಿಗೆ ಪಾನ ಸಿಗಿಸಿ, ಕಾರಿನ ಮೇಲೆ ಕೈ ಊರಿ ಅದರ ಮೇಲೆ ಹತ್ತಿ ನಿಂತಳು. ನಟ್ಟು ಕಿರ್ ಎಂದು ಬಿಟ್ಟುಕೊಂಡಿತು. ಒಂದೊಂದಾಗಿ ಎಲ್ಲ ನಟ್ಟೂ ಬಿಟ್ಟುಕೊಂಡವು. ಆಮೇಲೆ ಜಾಕ್ ಇಟ್ಟು ಗಾಡಿ ಎತ್ತಿದಳು. ಬಿಚ್ಚಿದ ನಟ್ಟುಗಳನ್ನು ಎಲ್ಲಿಡುವುದೆಂದು ಸುತ್ತ ನೋಡಿದಾಗ ಅನಸೂಯಮ್ಮ ಸೆರಗು ಒಡ್ಡಿದರು.

"ಗ್ರೀಸ್ ಇದೆ ಅತ್ತೆ, ಸೀರೆ ಹಾಳಾಗುತ್ತೆ."

"ಆಗ್ಲಿ, ಆಕು."

ಬೈಕಿನಲ್ಲಿ ಬಂದ ಇಬ್ಬರು ನಿಲ್ಲಿಸಿದರು. "ಏನಾಯ್ತಮ್ಮ? ನಾವ್ ಆಕ್ಕೊಡಾನಾ?"

ಸ್ನೇಹಲತಾ ತಲೆ ಎತ್ತುವ ಮುಂಚೆ ಅನಸೂಯಮ್ಮನೇ ಹೇಳಿದರು. "ಬ್ಯಾಡ ಕಣಪ್ಪ. ನಮ್ಮ ಸೊಸೆ ಆಕ್ತಳೆ."

ಸ್ಟೆಪ್ನಿ ಕೂರಿಸಿ, ಎದುರುಬದರಾಗಿ ನಟ್ಟು ತಿರುಗಿಸಿ, ಗಾಡಿ ಇಳಿಸಿ ಕೊನೆಯ ಬಿಗಿ ಕೊಟ್ಟ ಮೇಲೆ ಸ್ನೇಹಲತಾ ಹಳೆಯ ಚಕ್ರವನ್ನು ಮಗುಚಿ ನೋಡಿದಳು. ಬಿರುಕಿದ್ದ ಪಕ್ಕೆ ಅಂಗೈ ಅಗಲಕ್ಕೆ ಹರಿದಿತ್ತು. ಗಾಳಿ ಹೊಡೆಯುವ ಮೂತಿಗೆ ಮುಚ್ಚಳ ಇರಲಿಲ್ಲ. ಒಳಗಿನ ಪಿನ್ನನ್ನು ಉಗುರಿನಿಂದ ಮುಟ್ಟಿದರೆ ಅಲ್ಲಾಡುತ್ತಿತ್ತು.

"ಇದು ಪಂಚರ್ ಅಲ್ಲ ಅತ್ತೆ. ಪಿನ್ನು ಸಡಿಲ ಆಗಿದೆ, ಗಾಳಿ ಇಳಿದಿದೆ. ಇಳಿದ ಟೈರಲ್ಲಿ ಇಷ್ಟು ದೂರ ಬಂದಿದ್ದಕ್ಕೆ ಪಕ್ಕೆ ಹರಿದಿದೆ." ಅವಳು ಕುಕ್ಕರಗಾಲಲ್ಲೇ ಕೂತು ಪಿನ್ನನ್ನು ಮತ್ತೆ ಅಲ್ಲಾಡಿಸಿದಳು. "ನಿನ್ನೆ ಸಂಜೆ ನಾಗೇಶ್ ಬಂಕಲ್ಲಿ ಗಾಳಿ ಹೊಡೆಸಿದ್ರು. ನಾನು ಕೆಳಗಿಳಿದು ನೋಡಲಿಲ್ಲ."

ಫೋನು ಅನಸೂಯಮ್ಮನ ಸೊಂಟದಲ್ಲಿತ್ತು. "ನಡಿ, ಓಗಾನ" ಎಂದಷ್ಟೇ ಹೇಳಿದರು.

ಅಕ್ಕನ ಮನೆಗೆ ಹೋಗುವ ಮುಂಚೆ ಅವರು ದನದಾಸ್ಪತ್ರೆಯಲ್ಲಿ ಕೂತರು. ನಾಗೇಶ್ ಕನ್ನಡಕ ಹಾಕಿದ ಸಣಕಲು ಮನುಷ್ಯ. ಕುರ್ಚಿಯನ್ನು ಬಟ್ಟೆಯಿಂದ ಒರೆಸಿ ಕೊಟ್ಟ. ಟೀ ತಂದು ದೂರದಿಂದಲೇ ಚಾಚಿ, ಯಾರೂ ಕೇಳದಿದ್ದರೂ, "ಹೋಟೆಲಿಂದ ತರ್ಸಿದ್ದು ಅಮ್ಮ" ಎಂದ. ಅನಸೂಯಮ್ಮ ಲೋಟ ಹಿಡಿದುಕೊಂಡು ಅವನನ್ನೇ ನೋಡಿದರು. ಅವರು ನೋಡಲು ಬಂದದ್ದು ಅವನಲ್ಲಿ ಕಾಣಲಿಲ್ಲ.

ಆ ಸಂಜೆ ಶಶಿಕುಮಾರ ಎಂದಿಗಿಂತ ಬೇಗ ಬಂದ. ಅವ್ವನನ್ನು ನೋಡಿ, "ಏನೂ ಆಗ್ಲಿಲ್ಲ ತಾನೆ?" ಎಂದು ಕೇಳಿದ. ಅವರು ಒಳಗೆ ಹೋದರು. ಬೆಳಗಿನ ಫೋನಿನ ಬಗ್ಗೆ ಅವನನ್ನು ಕೇಳಬೇಕಿತ್ತು. ಹೆತ್ತ ಮಗ. ಕೇಳಿದರೆ ಅದು ನಿಜವಾಗಿಬಿಡುತ್ತದೆ. ಯಾರೋ ಫೋನ್ ಮಾಡಿ ಹೇಳಿರಬಹುದು, ಬಸ್ಸಿಗೆ ಹೊರಡುವಾಗ ಇವನೇ ಚಕ್ರ ನೋಡಿರಬಹುದು ಎಂದು ಅವರು ತಮಗೆ ತಾವೇ ಹೇಳಿಕೊಂಡರು. ಆದರೂ ಮಗ ಊಟ ಮಾಡುವಾಗ, ಚಪ್ಪಲಿ ಹಾಕಿಕೊಳ್ಳುವಾಗ, ಫೋನ್ ನೋಡುವಾಗ ಅವರ ಕಣ್ಣು ಅವನ ಹಿಂದೆಯೇ ಹೋಗುತ್ತಿತ್ತು. ಅದುವರೆಗೆ ಸೊಸೆಯನ್ನು ನೋಡುತ್ತಿದ್ದ ಕಣ್ಣೇ ಅದು.

ವಾರದ ಬಟ್ಟೆ ನೆನೆಹಾಕುವ ದಿನ ಅವರು ಅವನ ಪ್ಯಾಂಟಿನ ಜೇಬು ತಡವಿದರು. ಬಸ್ಸಿನ ಟಿಕೆಟ್ಟುಗಳ ಜೊತೆ ಒಂದು ಕಪ್ಪು ಪ್ಲಾಸ್ಟಿಕ್ ಮುಚ್ಚಳ ಕೈಗೆ ಬಂತು. ಬೆರಳ ತುದಿಯಷ್ಟಿತ್ತು. ಅಂಗಳಕ್ಕೆ ಹೋಗಿ ಕಾರಿನ ಬೇರೆ ಚಕ್ರದ ಮೂತಿಯ ಮೇಲಿದ್ದ ಮುಚ್ಚಳದ ಪಕ್ಕ ಹಿಡಿದು ನೋಡಿದರು. ಆಮೇಲೆ ಅದನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡರು.

ಆವತ್ತು ಊಟಕ್ಕೆ ಬಸಳೆಸೊಪ್ಪಿನ ಸಾರು. ಸ್ನೇಹಲತಾ ತಟ್ಟೆಯ ಮುಂದೆ ಕೂತು ಕೈ ಹಚ್ಚಿರಲಿಲ್ಲ.

"ಯಾಕತ್ತಿಗೆ?" ಎಂದಳು ಅನುಶ್ರೀ.

"ಇವತ್ತು ನಾಗೇಶ್‌ಗೆ ಬೈದ್ಬಿಟ್ಟೆ. ಪಿನ್ನು ಸರಿಯಾಗಿ ಕೂರಿಸದೆ ಬಿಟ್ಟಿದ್ದೀರ, ನನ್ನ ಪ್ರಾಣ ಹೋಗ್ತಿತ್ತು ಅಂತ. ಹಸು ಹಿಡ್ಕೊಂಡು ಬಂದವರೆಲ್ಲ ಇದ್ರು. ಮುಚ್ಚಳ ನಾನೇ ಹಾಕಿದ್ದೆ ಮೇಡಮ್ ಅಂತ ಒಂದೇ ಮಾತು ಹೇಳಿದ್ರು. ಮಧ್ಯಾಹ್ನ ಹಳ್ಳಿಗೆ ಹೊರಟಾಗ ಕಾರ್ ಹತ್ತಲಿಲ್ಲ. ಯಾರದೋ ಬೈಕಲ್ಲಿ ಬಂದ್ರು."

ಶಶಿಕುಮಾರ ಸಾರು ಕಲೆಸುತ್ತ, "ನಾನು ಆಗಲಿಂದ ಹೇಳ್ತಿರ್ಲಿಲ್ವಾ, ಆ ಜನನ ಅಷ್ಟು ನಂಬಬ್ಯಾಡ ಅಂತ" ಎಂದ.

ಅನಸೂಯಮ್ಮ ಸೌಟು ಕೆಳಗಿಟ್ಟರು. ಸೆರಗಿನ ಗಂಟು ಬಿಚ್ಚಿ ಮುಚ್ಚಳವನ್ನು ಮಗನ ತಟ್ಟೆಯ ಪಕ್ಕ ಇಟ್ಟರು.

"ನಿನ್ ಪ್ಯಾಂಟಲ್ಲಿತ್ತು."

ಶಶಿಕುಮಾರ ಸಾರು ಕಲೆಸುವುದನ್ನು ನಿಲ್ಲಿಸಿದ.

"ಅವತ್ತು ಪೋನ್ ಮಾಡಿ ಎಡಗಡೆ ಮುಂದಿನ ಚಕ್ರದಲ್ಲಿ ಗಾಳಿ ಇರಕ್ಕಿಲ್ಲ ಅಂದ್ಯಲ್ಲ. ಆಗಿನ್ನೂ ಏನೂ ಆಗಿರ್ನಿಲ್ಲ. ಆಸನಕ್ಕೋಗಿದ್ದ ನಿಂಗೆ ಎಂಗೆ ಗೊತ್ತಾಯ್ತು ಶಶಿ?"

ಸ್ನೇಹಲತಾ ಅತ್ತೆಯನ್ನು ನೋಡಿದಳು, ಆಮೇಲೆ ಗಂಡನನ್ನು.

"ಅದುಕ್ಕೆ ಮುಂಚೆ ನಂಗೂ ಪೋನ್ ಮಾಡಿದ್ದ" ಎಂದರು ಪುಟ್ಟರಾಜು ನಿಧಾನಕ್ಕೆ. "ಗಾಡಿ ಓಯ್ತಾ ಅಂದ. ಓಯ್ತು, ಸೊಸೆ ಜೊತೆ ನಿಮ್ಮವ್ವನೂ ಓದ್ಲು ಅಂದೆ. ತಕ್ಷಣ ಕಟ್ ಮಾಡ್ದ. ಟ್ಯಾಕ್ಟರ್ ಸಾಮಾನಿನ ಡಬ್ಬೀಲಿದ್ದ, ಗಾಳಿ ಪಿನ್ನು ಬಿಚ್ಚೋ ಕೀ ಯಾಕಪ್ಪ ಈಚೆಗೆ ಬಿದ್ದೈತೆ ಅಂದ್ಕಂಡಿದ್ದೆ ನಾನು."

ಶಶಿಕುಮಾರನ ಕಿವಿ ಕೆಂಪಾಯಿತು. "ಒಂಚೂರು ಸಡಿಲ ಮಾಡಿದ್ದೆ ಅಷ್ಟೆ. ಊರು ದಾಟೋದ್ರೊಳಗೆ ನಿಲ್ತದೆ ಅಂದ್ಕೊಂಡೆ. ನಿಂತ್ರೆ ಯಾರಿಗೆ ಫೋನ್ ಮಾಡ್ತಾಳೆ ನೋಡನ ಅಂತ. ನಾನೇನು ಸಾಯ್ಲಿ ಅಂತ ಮಾಡುದ್ನಾ? ಅಂಗಡೀಲಿ ಒಬ್ಬೊಬ್ರು ಒಂದೊಂದು ಅಂತಾರೆ. ಕಾರು ನಿಂದು, ಡ್ರೈವರು ಬೇರೆ ಅಂತ ನಗ್ತಾರೆ. ನೀನು ಕೇಳುದ್ರೆ ಒಂದು ಸಲ ತೋರಿಸಿದ್ರೆ ಏನಾಗ್ತಿತ್ತು? ಅವ್ವ ಹತ್ತುತಾಳೆ ಅಂತ ನಂಗೇನು ಗೊತ್ತಿತ್ತು?"

"ಅತ್ತೆ ಹತ್ತಿದ್ದಾರೆ ಅಂತ ಗೊತ್ತಾದ ತಕ್ಷಣ ಫೋನ್ ಮಾಡಿದ್ರಿ" ಎಂದಳು ಸ್ನೇಹಲತಾ. ದನಿ ಏರಲಿಲ್ಲ. "ನಾನು ಹತ್ತಿದ್ದು ಗೊತ್ತಿತ್ತಲ್ಲ."

ಅವನು ತಟ್ಟೆಯನ್ನು ಮುಂದಕ್ಕೆ ಸರಿಸಿದ.

"ನೀನಿಳ್ಕೊ ಅಂದ" ಎಂದರು ಅನಸೂಯಮ್ಮ, ಯಾರಿಗೂ ಅಲ್ಲ ಎನ್ನುವಂತೆ. "ನೀನು ಬಸ್ಸಲ್ಲಿ ಓಗು ಅಂದ. ಇವಳ್ನ ಇಳ್ಸು ಅನ್ನಲಿಲ್ಲ."

"ಇವಳು ಚಕ್ರ ಆಕಿದ್ದು ನಿಜವೇ ಕಣ್ಲಾ" ಎಂದರು ಪುಟ್ಟರಾಜು. "ನಂಗೆ ಮೊದಲ್ನೇ ದಿನವೇ ಗೊತ್ತಾಗಿತ್ತು."

"ಒಂದು ಮಾತು ಹೇಳಿದ್ರೆ ಆಗ್ತಿತ್ತಲ್ಲ ಮಾವ."

ಪುಟ್ಟರಾಜು ತಟ್ಟೆಯಲ್ಲೇ ಕೈ ತೊಳೆದುಕೊಂಡರು. ಸ್ನೇಹಲತಾ ತನ್ನ ತಟ್ಟೆಯನ್ನು ಎತ್ತಿಕೊಂಡು ಅಡುಗೆಮನೆಗೆ ಹೋದಳು. ಅಲ್ಲಿ ಒಬ್ಬಳೇ ನಿಂತು ಊಟ ಮಾಡಿದಳು. ಅನುಶ್ರೀ ಹೋಗಿ ಅವಳ ಪಕ್ಕದಲ್ಲಿ ನಿಂತಳು.

ನಾಗೇಶನ ಮುಂದೆ ಹೋಗಿ ನೀವೇ ಹೇಳಬೇಕು ಎಂದು ಸ್ನೇಹಲತಾ ಗಂಡನಿಗೆ ಹೇಳಿದಳು. ಅವನು ಇವತ್ತು ನಾಳೆ ಎಂದು ಮುಂದೆ ಹಾಕಿದ. ಕೊನೆಗೆ ಅನಸೂಯಮ್ಮನೇ ಅವಳ ಜೊತೆ ಹೋದರು. ಸ್ನೇಹಲತಾ ಮೊದಲು ಹೇಳಿದಳು: "ನಾಗೇಶ್, ನಾನು ವಿಚಾರ ಮಾಡದೆ ನಿಮ್ಮನ್ನ ಅಂದ್ಬಿಟ್ಟೆ. ತಪ್ಪು ನನ್ನದು." ಅನಸೂಯಮ್ಮ, "ಅವಳ್ದೂ ಅಲ್ಲ, ನಿಂದೂ ಅಲ್ಲ ಕಣಪ್ಪ. ನಮ್ಮನೇದು" ಎಂದರು. ನಾಗೇಶ್ ಔಷಧಿ ಬಾಟಲಿಗಳನ್ನು ಕಪಾಟಿನಲ್ಲಿ ಜೋಡಿಸುತ್ತಿದ್ದವನು ತಿರುಗಿ, "ಇರ್ಲಿ ಬುಡಿ ಅಮ್ಮ" ಎಂದ. ಅವರು ಕೇಳದೆಯೇ ಟೀ ತರಿಸಿದ. ಆದರೆ ಅವನು ಮತ್ತೆ ಕಾರಿನ ಮುಂದಿನ ಸೀಟಿನಲ್ಲಿ ಕೂರಲಿಲ್ಲ. ಕ್ಯಾನು ಡಬ್ಬ ಕಾರಿಗೆ ಇಟ್ಟು, ತಾನು ಬೈಕಿನಲ್ಲಿ ಹಿಂದೆ ಬರುತ್ತಿದ್ದ. ಸ್ನೇಹಲತಾ ಎರಡು ಸಲ ಕರೆದಳು. ಮೂರನೆಯ ಸಲ ಕರೆಯಲಿಲ್ಲ.

ಮನೆಯಲ್ಲಿ ಅಡುಗೆ ಆಗುತ್ತಿತ್ತು, ಊಟ ಆಗುತ್ತಿತ್ತು. ಗಂಡ ಹೆಂಡತಿಯ ನಡುವೆ ಸಾರು ಬಡಿಸು, ಟವೆಲ್ ಕೊಡು ಎನ್ನುವಷ್ಟು ಮಾತಿತ್ತು. ಸ್ನೇಹಲತಾ ತವರಿಗೆ ಹೋಗಿಬಿಡಬಹುದು ಎಂದು ಅನಸೂಯಮ್ಮ ಹೆದರಿದ್ದರು. ಅವಳು ಹೋಗಲಿಲ್ಲ. ಚನ್ನರಾಯಪಟ್ಟಣದ ಕಡೆ ವರ್ಗಾವಣೆ ಕೇಳಿದ್ದೇನೆ, ಸಿಕ್ಕಾಗ ನೋಡೋಣ ಎಂದು ಮಾತ್ರ ಒಂದು ದಿನ ಅತ್ತೆಗೆ ಹೇಳಿದಳು. ಅನಸೂಯಮ್ಮ ಬೇಡ ಎನ್ನಲಿಲ್ಲ.

ಶಶಿಕುಮಾರ ಒಂದು ಶನಿವಾರ ಹಾಸನದಿಂದ ಬರುವಾಗ ಯಾರ ಹತ್ತಿರವೂ ಹೇಳದೆ ನಾಲ್ಕು ಹೊಸ ಟೈರುಗಳನ್ನು ಗೂಡ್ಸ್ ಆಟೋದಲ್ಲಿ ಹಾಕಿಸಿಕೊಂಡು ಬಂದ. ಭಾನುವಾರ ಅರಕಲಗೂಡಿನಲ್ಲೇ ಕೂರಿಸಿ, ಅಲೈನ್‌ಮೆಂಟ್ ಮಾಡಿಸಿ ತಂದು ನಿಲ್ಲಿಸಿದ. ರಬ್ಬರಿನ ಸಣ್ಣ ಕೂದಲುಗಳು ಇನ್ನೂ ಉದುರಿರಲಿಲ್ಲ. ಈ ಸಲ ಕಾರನ್ನು ಗೋಡೆಯಿಂದ ದೂರ ನಿಲ್ಲಿಸಿದ್ದ. ನಾಲ್ಕು ಚಕ್ರವೂ ಕಾಣುತ್ತಿದ್ದವು.

ಸೋಮವಾರ ಬೆಳಿಗ್ಗೆ ಸ್ನೇಹಲತಾ ಬುತ್ತಿಯ ಚೀಲವನ್ನು ಕಾರಿನ ಮೇಲಿಟ್ಟು ಅಂಗಳದಲ್ಲಿ ಕುಕ್ಕರಗಾಲಲ್ಲಿ ಕೂತಳು. ಎಡಗಡೆಯ ಮುಂದಿನ ಚಕ್ರದ ಮುಚ್ಚಳ ಬಿಚ್ಚಿ, ಅನಸೂಯಮ್ಮ ತಂದುಕೊಟ್ಟ ಬಟ್ಟಲಿನ ಸೋಪಿನ ನೀರನ್ನು ಬೆರಳಲ್ಲಿ ಅದ್ದಿ ಮೂತಿಗೆ ಸವರಿದಳು. ಗುಳ್ಳೆ ಬರುತ್ತದೆಯೇ ಎಂದು ಕಾದಳು. ಬರಲಿಲ್ಲ. ಮುಚ್ಚಳ ಹಾಕಿ, ನಟ್ಟುಗಳ ಮೇಲೆ ಒಂದೊಂದಾಗಿ ಪಾನ ಇಟ್ಟು ನೋಡಿ, ಹಿಂದಿನ ಚಕ್ರಕ್ಕೆ ಸರಿದಳು.

ಶಶಿಕುಮಾರ ಬಸ್ಸಿಗೆ ಹೊರಟವನು ಚಪ್ಪಲಿ ಮೆಟ್ಟಿ ಜಗಲಿಯಲ್ಲಿ ನಿಂತಿದ್ದ.

"ಎಲ್ಲಾ ಹೊಸವು. ನಿನ್ನೆ ತಾನೆ ಹಾಕ್ಸಿರೋದು."

"ಗೊತ್ತು."

"ನಾನಿನ್ನು ಮುಟ್ಟಲ್ಲ ಅಂತ ಹೇಳಿದ್ದೀನಲ್ಲ ಸ್ನೇಹ."

"ಕೇಳಿಸ್ತು" ಎಂದಳು ಅವಳು. ಬಟ್ಟಲಿಗೆ ಬೆರಳದ್ದಿ ಆ ಚಕ್ರಕ್ಕೂ ಸೋಪಿನ ನೀರು ಸವರಿ, ಮುಖ ತಗ್ಗಿಸಿ ಗುಳ್ಳೆಗಾಗಿ ನೋಡುತ್ತ ಕೂತಳು.